ಜಾರ್ಜ್‌ಟೌನ್: ಅರ್ಧ ತಟ್ಟೆ ತಿಂದು ಇಡೀ ಊರು ನೋಡುವುದು ಹೇಗೆ?

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿರುವ ಜಾರ್ಜ್‌ಟೌನಿನಲ್ಲಿ ಕೈಯಲ್ಲಿರುವ ಸಮಯಕ್ಕಿಂತ ಮೊದಲು ಮುಗಿಯುವುದು ಹೊಟ್ಟೆಯೊಳಗಿನ ಜಾಗ. ಗೈಡ್ ಜೊತೆ ನಡೆಯುವ ಮೂರು–ನಾಲ್ಕು ಗಂಟೆಯ ತಿಂಡಿ ಟೂರ್ ಕೆಡುವುದೂ ಬಹುಪಾಲು ಅದೇ ಕಾರಣಕ್ಕೆ. ಮೊದಲ ಅಂಗಡಿಯಲ್ಲೇ ಹೊಟ್ಟೆ ಬಿರಿಯುವಷ್ಟು ತಿಂದರೆ ಮೂರನೆಯ ಕಡೆ ತಟ್ಟೆ ಕಂಡರೇ ಬೇಸರ. ಐದನೆಯ ಕಡೆಗೆ ಬರುವಷ್ಟರಲ್ಲಿ ಗೈಡ್ ಹೇಳುವುದು ಕಿವಿಗೇ ಬೀಳುವುದಿಲ್ಲ. ಈ ಊರಿನ ಅರ್ಧ ಇತಿಹಾಸ ತಟ್ಟೆಯಲ್ಲೇ ಇರುವುದರಿಂದ ನಷ್ಟ ಎರಡು ಪಟ್ಟು.

1786ರಲ್ಲಿ ಫ್ರಾನ್ಸಿಸ್ ಲೈಟ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇಲ್ಲಿ ಬಂದರು ಕಟ್ಟಿದ. ಕೂಲಿಯವರು ಬೇಗ ಕಾಡು ಕಡಿಯಲಿ ಎಂದು ಫಿರಂಗಿಗೆ ಬೆಳ್ಳಿ ನಾಣ್ಯ ತುಂಬಿ ಪೊದೆಗಳೊಳಕ್ಕೆ ಹಾರಿಸಿದನಂತೆ. ಈ ಕತೆಯನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಬಂದರಿಗೆ ಜನ ಬಂದದ್ದಂತೂ ನಿಜ: ಕೋರಮಂಡಲ ತೀರದ ತಮಿಳು ಮುಸ್ಲಿಮರು, ದಕ್ಷಿಣ ಚೀನಾದ ಹೊಕ್ಕಿಯೆನ್ ಮತ್ತು ತಿಯೋಚ್ಯೂ ಜನ, ಸುಮಾತ್ರಾದ ಅಚೆ ವ್ಯಾಪಾರಿಗಳು, ಅರ್ಮೇನಿಯನ್ನರು. ಮೆಲಾಕಾ ನಗರದ ಜೊತೆಗೆ ಈ ಊರೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 2008ರ ಜುಲೈ 7ರಂದು. ಪೆನಾಂಗ್ ರಾಜ್ಯದಲ್ಲಿ ಆ ದಿನ ಈಗ ರಜೆ.

ಬೆಳಗ್ಗೆಯೋ ಸಂಜೆಯೋ?

ಮೊದಲು ಇದನ್ನು ತೀರ್ಮಾನಿಸಿ. ಗುಡಿ, ಮಸೀದಿ, ಚೀನೀ ಕುಲಮನೆಗಳನ್ನು (ಒಂದೊಂದು ಮನೆತನದವರು ಸೇರಿ ಕಟ್ಟಿಕೊಂಡ ಕಟ್ಟಡಗಳು) ಒಳಹೊಕ್ಕು ನೋಡಬೇಕೆಂದರೆ ಬೆಳಗಿನ ಟೂರ್. ಬೀದಿ ಬದಿಯ ಗಾಡಿಗಳ ಬೆಂಕಿ, ಹೊಗೆ, ಗದ್ದಲವೇ ಬೇಕೆಂದರೆ ಸಂಜೆ ಆರರ ನಂತರದ್ದು. ಒಂದೇ ಟೂರ್‌ನಲ್ಲಿ ಎರಡನ್ನೂ ತುರುಕುವವರಿಂದ ದೂರವಿರಿ. ಸಂಜೆ ಹೋದರೆ ಕುಲಮನೆಗಳ ಬಾಗಿಲು ಹಾಕಿರುತ್ತದೆ, ಕತೆಯನ್ನು ಬಾಗಿಲ ಹೊರಗೆ ನಿಂತು ಕೇಳಬೇಕಾಗುತ್ತದೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಇಳಿದ ಮರುದಿನವೇ ಬೆಳಗ್ಗೆ 8ರ ಟೂರ್ ಹಿಡಿದರೆ ನಿಮ್ಮ ಹೊಟ್ಟೆಗೆ ಆಗಿನ್ನೂ ಐದೂವರೆ, ಹಸಿವೇ ಇರುವುದಿಲ್ಲ. ಒಂದು ದಿನ ಬಿಟ್ಟು ಇಟ್ಟುಕೊಳ್ಳಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಮಸೀದಿಯೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಗಾಡಿಗಳಿಗೆ ವಾರದ ರಜೆ ಒಂದೇ ದಿನವಲ್ಲ, ಒಬ್ಬೊಬ್ಬರದು ಒಂದೊಂದು ದಿನ. ಯಾವುದೋ ಒಂದೇ ಅಂಗಡಿಯ ಆಸೆಯಿಂದ ಹೋಗುವವರು ಅದರ ರಜೆ ಯಾವಾಗ ಎಂದು ಮೊದಲೇ ವಿಚಾರಿಸಬೇಕು.

ಗೈಡ್‌ಗೆ ಹಾಕಬೇಕಾದ ಪ್ರಶ್ನೆಗಳು

ಮಲೇಷ್ಯಾದಲ್ಲಿ ಗೈಡ್‌ಗೆ ಪ್ರವಾಸೋದ್ಯಮ ಸಚಿವಾಲಯದ ಲೈಸೆನ್ಸ್ ಇರಬೇಕು. ಅದರ ಬ್ಯಾಡ್ಜ್ ಎದೆಯ ಮೇಲೆ ಕಾಣುವಂತಿರುತ್ತದೆ. ಅದು ಸರಿಯಿದ್ದರೆ ಮುಂದಿನದು ತಿಂಡಿಯ ಲೆಕ್ಕ. ಎಷ್ಟು ತಿಂಡಿ? ತಲೆಗೊಂದು ತಟ್ಟೆಯೋ, ನಾಲ್ವರಿಗೆ ಎರಡು ತಟ್ಟೆಯೋ? ಹದಿನೈದು ಬಗೆ ಕೊಡುತ್ತೇವೆ ಎಂಬ ಜಾಹೀರಾತು ಕಂಡರೆ ಮುಂದೆ ಹೋಗಿ. ಆರು ಬಗೆ, ಹಂಚಿಕೊಂಡು ತಿನ್ನುವಂತೆ, ನಡುನಡುವೆ ಇಪ್ಪತ್ತು ನಿಮಿಷ ನಡಿಗೆ: ಇದೇ ಸರಿಯಾದ ಅಳತೆ. ಗುಂಪು ಎಂಟು ಜನರನ್ನು ದಾಟಿದರೆ ಇಕ್ಕಟ್ಟಿನ ಓಣಿಯಲ್ಲಿ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ, ಒಂದೇ ಮೇಜಿನಲ್ಲಿ ಕೂರಲೂ ಆಗುವುದಿಲ್ಲ.

ಪಾನೀಯದ ದುಡ್ಡು, ಕುಲಮನೆಯ ಪ್ರವೇಶ ಶುಲ್ಕ ಟೂರ್ ಹಣದಲ್ಲಿ ಸೇರಿದೆಯೇ ಎಂದೂ ಕೇಳಿ. ಸೇರಿರಲಿ ಬಿಡಲಿ, 1, 5, 10 ರಿಂಗಿಟ್‌ನ ಚಿಲ್ಲರೆ ನೋಟು ಜೇಬಿನಲ್ಲಿರಲಿ. ಗಾಡಿಯವರ ಮುಂದೆ 100ರ ನೋಟು ಹಿಡಿದರೆ ಇಬ್ಬರಿಗೂ ಫಜೀತಿ. ಕೊನೆಗೆ ಬಿಸ್ಕತ್ತು, ಜಾಯಿಕಾಯಿ ಮಾರುವ ಅಂಗಡಿಯಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಎಂದು ಕೇಳಲು ಸಂಕೋಚ ಬೇಡ. ಹತ್ತು ನಿಮಿಷ ಎಂದರೆ ಸರಿ. ಮುಕ್ಕಾಲು ಗಂಟೆ ಎಂದರೆ ಅದು ಕಮಿಷನ್ ಟೂರ್.

ನಡೆಯುವ ದಾರಿ

ಸೇಂಟ್ ಜಾರ್ಜ್ ಚರ್ಚ್‌ನಿಂದ ಶುರು ಮಾಡಿ ದಕ್ಷಿಣಕ್ಕೆ ಇಳಿಯುವ ದಾರಿಯೇ ಒಳ್ಳೆಯದು. 1818ರ ಈ ಚರ್ಚ್ ಆದ ಮೇಲೆ ಚೀನೀಯರ ಕರುಣಾದೇವಿ ಕುವಾನ್ ಯಿನ್ ಗುಡಿ, ಕ್ವೀನ್ ಸ್ಟ್ರೀಟ್‌ನಲ್ಲಿ 1833ರ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನ, ಬಳಿಕ 1801ರಲ್ಲಿ ತಮಿಳು ಮುಸ್ಲಿಮರು ಸ್ಥಾಪಿಸಿದ ಕಪಿತಾನ್ ಕೆಲಿಂಗ್ ಮಸೀದಿ, ಕೊನೆಗೆ 1808ರ ಅಚೆ ಬೀದಿಯ ಮಸೀದಿ. ಹೆಚ್ಚುಕಡಿಮೆ ಒಂದು ಕಿಲೋಮೀಟರಿನಲ್ಲಿ ಇಷ್ಟೂ ಮುಗಿಯುತ್ತದೆ. ಮಸೀದಿಗೆ ಮೊಣಕಾಲು, ತೋಳು ಮುಚ್ಚುವ ಬಟ್ಟೆ ಬೇಕು. ಚಪ್ಪಲಿ ಮತ್ತೆಮತ್ತೆ ಬಿಡಬೇಕಾಗುವುದರಿಂದ ಲೇಸ್ ಕಟ್ಟುವ ಶೂ ಬೇಡ.

ಇಲ್ಲಿಂದ ಕ್ಯಾನನ್ ಸ್ಕ್ವೇರ್‌ನ ಖೂ ಕೊಂಗ್ಸಿ ಹತ್ತಿರ. ಖೂ ಎಂಬ ಒಂದೇ ಮನೆತನದ ಹೆಸರಿನವರು ಕಟ್ಟಿಕೊಂಡ ಕುಲಮನೆ ಇದು. ಹಿಂದಿನ ಕಟ್ಟಡ 1901ರಲ್ಲಿ ಸುಟ್ಟುಹೋಯಿತು; ಅರಮನೆಗೆ ಸಮನಾಗಿ ಕಟ್ಟಿದ್ದಕ್ಕೆ ದೇವತೆಗಳಿಗೆ ಸಿಟ್ಟು ಬಂತು ಎಂದು ಜನ ಆಡಿಕೊಂಡರು. ಈಗಿರುವುದು 1906ರಲ್ಲಿ ಮುಗಿದದ್ದು. ಮಾಡಿನ ಅಂಚಿನ ಕೆತ್ತನೆಗೆ ಕತ್ತೆತ್ತಿ ಅರ್ಧ ಗಂಟೆ ಕೊಡಿ, ಕಡಿಮೆ ಬೇಡ. ಪಕ್ಕದ ಅರ್ಮೇನಿಯನ್ ಸ್ಟ್ರೀಟ್‌ನಲ್ಲಿ 2012ರಲ್ಲಿ ಅರ್ನೆಸ್ಟ್ ಝಕಾರೆವಿಚ್ ಬರೆದ ಸೈಕಲ್ ಮಕ್ಕಳ ಗೋಡೆಚಿತ್ರದ ಮುಂದೆ ಫೋಟೊಗೆ ಸಾಲು ನಿಂತಿರುತ್ತದೆ. ಅದು ಬೇಕೆನಿಸಿದರೆ ಬೆಳಗ್ಗೆ ಎಂಟರೊಳಗೆ ಒಬ್ಬರೇ ಹೋಗಿ ಬನ್ನಿ, ಟೂರ್ ಹೊತ್ತನ್ನು ಅದಕ್ಕೆ ಸುರಿಯಬೇಡಿ.

ಸಾಲು ಅಂಗಡಿಗಳ ಮುಂದೆ ಮಾಡಿನಡಿಯ ಜಗಲಿಯಂಥ ಕಾಲುದಾರಿ ಇದೆ, ಹೆಸರು ಕಾಕಿ ಲಿಮ, ಐದಡಿ ಎಂದರ್ಥ. ಬಿಸಿಲು, ಮಳೆ ಎರಡಕ್ಕೂ ಆಸರೆ. ಆದರೆ ಒಂದೊಂದು ಅಂಗಡಿಯ ನೆಲ ಒಂದೊಂದು ಎತ್ತರ. ಮೇಲಿನ ಕಿಟಕಿ ನೋಡುತ್ತಾ ನಡೆದು ಮುಗ್ಗರಿಸುವವರೇ ಹೆಚ್ಚು.

ತಿನ್ನುವ ಸರದಿ

ಸಪ್ಪೆಯಿಂದ ಖಾರಕ್ಕೆ, ಖಾರದಿಂದ ಹುಳಿಗೆ, ಕೊನೆಗೆ ಸಿಹಿ. ಶುರುವಿಗೆ ಪುಟು ಮಾಯಂ: ನಮ್ಮ ಒತ್ತು ಶ್ಯಾವಿಗೆಯೇ, ತೆಂಗಿನ ತುರಿ ಬೆಲ್ಲದ ಜೊತೆ.

ಎರಡನೆಯದು ನಾಸಿ ಕಂದಾರ್. ಕಂದಾರ್ ಎಂದರೆ ಹೆಗಲ ಮೇಲಿನ ಕಾವಡಿ. ಒಂದು ತುದಿಗೆ ಅನ್ನ, ಇನ್ನೊಂದಕ್ಕೆ ಸಾರು ತೂಗಿಕೊಂಡು ತಮಿಳು ಮುಸ್ಲಿಮರು ಬೀದಿ ಬೀದಿ ಮಾರುತ್ತಿದ್ದರು. ಈ ಹೋಟೆಲಿನವರಿಗೆ ‘ಮಾಮಕ್’ ಎಂಬ ಹೆಸರು ಬಂದದ್ದು ಮಾಮ ಎಂಬ ಮಾತಿನಿಂದ. ‘ಬಂಜಿರ್’ ಎಂದರೆ ನಾಲ್ಕಾರು ಸಾರು ಬೆರೆಸಿ ಅನ್ನ ಮುಳುಗುವಷ್ಟು ಸುರಿಯುತ್ತಾರೆ. ಅದೇ ಅದರ ರುಚಿ, ಆದರೆ ಇಬ್ಬರಿಗೆ ಒಂದು ತಟ್ಟೆ ಸಾಕು. ದೊಡ್ಡ ಸಿಗಡಿ, ಮೀನಿನ ಮೊಟ್ಟೆಚೀಲ, ಬೊಂಡಾಸು (ಸ್ಕ್ವಿಡ್) ತೋರಿಸುವ ಮುನ್ನ ಬೆಲೆ ಕೇಳಿ. ಬಿಲ್ ಆಗುವುದು ತಟ್ಟೆಗೆ ಬಡಿಸಿದ ಮೇಲೆ, ಆಗ ವಾಪಸು ಹಾಕಲಾಗದು.

ಮೂರನೆಯದಕ್ಕೆ ಚಾರ್ ಕೊಯ್ ತಿಯಾವ್. ಅಗಲ ಅಕ್ಕಿ ಎಳೆಗಳನ್ನು ಸಿಗಡಿ, ಮರುವಾಯಿ ಎಂಬ ಕಪ್ಪೆಚಿಪ್ಪು, ಮೊಳಕೆ ಕಾಳು, ಮೊಟ್ಟೆಯ ಜೊತೆ ಭಾರಿ ಉರಿಯಲ್ಲಿ ಹುರಿಯುವುದು. ಒಂದು ಸಲಕ್ಕೆ ಒಂದೇ ತಟ್ಟೆ ಹುರಿಯುವವನ ಬಳಿ ನಿಲ್ಲಿ. ಬಾಣಲೆಗೆ ನಾಲ್ಕು ತಟ್ಟೆಯಷ್ಟು ಸುರಿದರೆ ಶಾಖ ಇಳಿದು ನೀರು ಬಿಡುತ್ತದೆ. ಎಳೆ ಹುರಿಯುವ ಬದಲು ಬೇಯುತ್ತದೆ, ಆ ಸುಟ್ಟ ಘಮ ಬರುವುದಿಲ್ಲ. ಮರುವಾಯಿ ಅರೆಬೆಂದಿರುವುದುಂಟು. ಹೊಟ್ಟೆ ಸೂಕ್ಷ್ಮದವರು ‘ತಕ್ ಮಾವು ಕೆರಾಂಗ್’ ಎಂದರೆ ಅದನ್ನು ಬಿಟ್ಟು ಕೊಡುತ್ತಾರೆ. ಫೋಟೊ ಆಮೇಲೆ, ಐದು ನಿಮಿಷ ಆರಿದರೂ ಮುದ್ದೆಯಾಗುತ್ತದೆ.

ಅಸಾಮ್ ಲಕ್ಸಾ ಕಡೆಯದಕ್ಕಿಂತ ಒಂದು ಮೊದಲು. ಬಂಗುಡೆ ಜಾತಿಯ ಮೀನು, ಹುಣಸೆ ಹುಳಿ, ಕೆಂಪು ಶುಂಠಿ ಹೂವಿನ ಸಾರಿಗೆ ಮೇಲಿಂದ ಸಿಗಡಿಯ ಕಪ್ಪು ಪಾಕ. ಇದರ ಘಾಟು ನಾಲಿಗೆಯಿಂದ ಬೇಗ ಹೋಗದು. ಮೊದಲೇ ತಿಂದರೆ ಮುಂದಿನದೆಲ್ಲ ಇದೇ ರುಚಿ. ಕೊನೆಗೆ ತೆಂಗಿನ ಹಾಲು, ತಾಳೆ ಬೆಲ್ಲ, ಹಸಿರು ಎಳೆಗಳ ತಣ್ಣನೆ ಚೆಂಡೋಲ್.

ಇನ್ನೊಂದು ಗೊಂದಲ: ‘ಹೊಕ್ಕಿಯೆನ್ ಮೀ’ ಎಂದರೆ ಪೆನಾಂಗಿನಲ್ಲಿ ಸಿಗಡಿ ಸಾರಿನ ನೂಡಲ್ಸ್, ಕ್ವಾಲಾಲಂಪುರದಲ್ಲಿ ಕಪ್ಪು ಸೋಯಾದಲ್ಲಿ ಹುರಿದ ದಪ್ಪ ನೂಡಲ್ಸ್. ಹೆಸರು ನಂಬಿ ಆರ್ಡರ್ ಮಾಡಬೇಡಿ.

ಮೇಜು ಹಿಡಿಯುವ ರೀತಿ

ಕೊಪಿತಿಯಾಮ್ ಎಂಬ ಹಳೆಯ ಕಾಫಿ ಅಂಗಡಿಯೊಳಗೆ ಹಲವು ಗಾಡಿ ಇರುತ್ತವೆ, ಯಜಮಾನರು ಬೇರೆಬೇರೆ. ಮೊದಲು ಮೇಜು ಹಿಡಿದು ಅದರ ನಂಬರ್ ನೋಡಿಕೊಳ್ಳಿ, ಗಾಡಿಗೆ ಹೋಗಿ ನಂಬರ್ ಹೇಳಿ ಬನ್ನಿ, ತಟ್ಟೆ ಬಂದಾಗ ದುಡ್ಡು ಕೊಡಿ. ಪಾನೀಯ ಅಂಗಡಿಯವನದು, ತೆಗೆದುಕೊಳ್ಳದೆ ಕೂರುವುದನ್ನು ಅವನು ಸಹಿಸುವುದಿಲ್ಲ. ಸಕ್ಕರೆ ಕಡಿಮೆಗೆ ‘ಕುರಾಂಗ್ ಮಾನಿಸ್’. ‘ತೆಹ್ ಒ’ ಎಂದರೆ ಹಾಲಿಲ್ಲದ ಚಹಾ, ಸಕ್ಕರೆ ಇದ್ದೇ ಇರುತ್ತದೆ. ಅದೂ ಬೇಡವಾದರೆ ‘ತೆಹ್ ಒ ಕೊಸೊಂಗ್’. ಹಂದಿಮಾಂಸದ ತಿಂಡಿ ಕಟ್ಟಿಸಿಕೊಂಡು ಮಾಮಕ್ ಹೋಟೆಲಿನೊಳಗೆ ಕಾಲಿಡಬೇಡಿ.

ಸಸ್ಯಾಹಾರಿಗಳು

‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದು ಅದೇ ಬಾಣಲೆಯಲ್ಲಿ ಹುರಿದು ಕೊಡುತ್ತಾರೆ. ಕಾಣದೆ ಬರುವುದು ಮೂರು: ಹಂದಿಯ ಕೊಬ್ಬು, ಬೆಲಾಚಾನ್ ಎಂಬ ಸಿಗಡಿ ಮುದ್ದೆ, ಸಾರಿನಲ್ಲಿ ಕುದಿಸಿದ ಒಣ ಮೀನು. ರೋಟಿ ಚನಾಯ್ ಜೊತೆಗಿನ ಬೇಳೆ ಸಾರಿನಲ್ಲೂ ಕುರಿ ಮೂಳೆ ಇರುವುದುಂಟು. ‘ಸಾಯ ತಕ್ ಮಾಕನ್ ದಾಗಿಂಗ್, ಇಕಾನ್, ಊದಾಂಗ್’ (ಮಾಂಸ, ಮೀನು, ಸಿಗಡಿ ತಿನ್ನುವುದಿಲ್ಲ) ಎಂದು ಬಿಡಿಸಿ ಹೇಳಿ, ‘ತಾನ್ಪ ಬೆಲಾಚಾನ್’ (ಬೆಲಾಚಾನ್ ಇಲ್ಲದೆ) ಸೇರಿಸಿ. ಮೊಟ್ಟೆ ಬೇಡವಾದರೆ ‘ತೆಲೂರ್’ ಕೂಡ.

ಇದಕ್ಕಿಂತ ಸುಲಭದ ದಾರಿ ಚೀನೀ ಬೌದ್ಧರ ಸಸ್ಯಾಹಾರಿ ಗಾಡಿ. ಸಾಂಪ್ರದಾಯಿಕವಾಗಿ ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ತಟ್ಟೆಯಲ್ಲಿ ಬಾತುಕೋಳಿಯಂತೆ ಕಾಣುವುದು ಗೋಧಿ ಅಂಟು ಅಥವಾ ಸೋಯಾ, ಗಾಬರಿ ಬೇಡ. ಚಾಂದ್ರಮಾನದ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಇಂಥ ಊಟ ಹೆಚ್ಚು ಕಡೆ ಸಿಗುತ್ತದೆ. ಅಕ್ಟೋಬರ್ ಹೊತ್ತಿಗೆ ಬರುವ ಒಂಬತ್ತು ಸಾಮ್ರಾಟ ದೇವತೆಗಳ ಹಬ್ಬದಲ್ಲಂತೂ ಹಳದಿ ಬಾವುಟ ಕಟ್ಟಿದ ಗಾಡಿಗಳ ಸಾಲೇ ಇರುತ್ತದೆ. ಲಿಟಲ್ ಇಂಡಿಯಾದ ಶುದ್ಧ ಸಸ್ಯಾಹಾರಿ ಹೋಟೆಲುಗಳು ಹೇಗೂ ಇವೆ, ಆದರೆ ದೋಸೆಗೆ ಅಷ್ಟು ದೂರ ಹೋಗಬೇಕೇ?

ಕೊನೆಯ ನಿಲ್ದಾಣ

ವೆಲ್ಡ್ ಕೀ ಬದಿಯ ಚ್ಯೂ ಜೆಟ್ಟಿಯಲ್ಲಿ ಮುಗಿಸಿ. ಸಮುದ್ರದ ಮೇಲೆ ಕಂಬ ನೆಟ್ಟು ಹಲಗೆ ಹಾಸಿ ಚ್ಯೂ ಕುಲದವರು ಕಟ್ಟಿದ ಮನೆಗಳವು. ಈಗಲೂ ಜನ ವಾಸವಿದ್ದಾರೆ. ತೆರೆದ ಬಾಗಿಲೊಳಗೆ ಕ್ಯಾಮೆರಾ ಚಾಚಬೇಡಿ. ಮನೆಗೆ ಒಯ್ಯಲು ಹೆಸರುಬೇಳೆ ಹೂರಣದ ತಾವ್ ಸಾರ್ ಪಿಯಾ ಬಿಸ್ಕತ್ತು ಕೊಳ್ಳುವವರು ಹಂದಿ ಕೊಬ್ಬಿನದೋ, ಅಡುಗೆ ಎಣ್ಣೆಯದೋ ಎಂದು ಕೇಳಿಕೊಂಡೇ ಡಬ್ಬಿ ಕಟ್ಟಿಸಿ.