ಗೇರು ಸೌದೆಗೆ ನಾನು ಹಾಕಿದ ಗಡಿ

ಕಾಂಡ ಕೊರೆಯುವ ಹುಳದ ಬಗ್ಗೆ ಗೇರು ಬೆಳೆಯುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬುಡದಲ್ಲಿ ಅಂಟು, ಅಂಟಿನ ಜತೆ ಹುಳ ಕೊರೆದ ಹುಡಿ, ಆಮೇಲೆ ಎಲೆ ಹಳದಿ, ಮರ ಹೋಯಿತು. ನಾನು ಹೇಳಹೊರಟಿದ್ದು ಮರ ಹೋದ ನಂತರದ ಕಥೆ. ಆ ಸೌದೆಯನ್ನು ಏನು ಮಾಡುತ್ತೀರಿ? ನಮ್ಮ ಗುಡ್ಡೆಗಳಲ್ಲಿ ಹುಳ ಊರೂರು ತಿರುಗುವುದು ಸೌದೆಯ ಜತೆಗೇ ಅಂತ ಐದಾರು ವರ್ಷದಿಂದ ಹೇಳುತ್ತಿದ್ದೇನೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಲೆಕ್ಕ ತೋರಿಸುವ ಹಾಗಾಗಿದೆ.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆಯಲ್ಲಿ 400 ಚಿಲ್ಲರೆ ಗೇರು. ಕೆಟ್ಟ ವರ್ಷಗಳಲ್ಲಿ 25-30 ಮರ ಸತ್ತದ್ದುಂಟು. ಮರಕ್ಕೆ ಆರೇಳು ಕಿಲೋ ಬೀಜ, ಕಿಲೋಗೆ 100 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 18,000ದ ಆಸುಪಾಸು ಹೋಯಿತು. ಕಸಿ ಗಿಡ ನೆಟ್ಟು ಅದು ಫಸಲಿಗೆ ಬರುವವರೆಗಿನ ಖರ್ಚು ಬೇರೆ.

ಮದ್ದು ಬಿಡಬಹುದಿತ್ತಲ್ಲ ಅನ್ನುತ್ತೀರಿ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದು ಜನ ನರಳಿದ ಸೀಮೆ ಇದು. ಇಲ್ಲಿ ಸ್ಪ್ರೇಯರ್ ಹೆಗಲಿಗೆ ಹಾಕಿಕೊಂಡು ಗುಡ್ಡೆ ಹತ್ತಿದರೆ ಮನೆಯವರೇ ಬಿಡುವುದಿಲ್ಲ. ಅಷ್ಟಕ್ಕೂ ಅದನ್ನು ಹೊಡೆದಿದ್ದು ಚಿಗುರಿನ ರಸ ಹೀರುವ ಚಹಾ ಸೊಳ್ಳೆ ಎಂಬ ಕೀಟಕ್ಕೆ. ಕಾಂಡದ ಒಳಗೆ ಕೂತ ಹುಳಕ್ಕೆ ಮೇಲಿನ ಮದ್ದು ಏನು ಮಾಡೀತು?

ನನಗೆ ಸಂಶಯ ಹುಟ್ಟಿದ್ದು ಸೌದೆ ಒಡೆಯುವಾಗ. ಬುಡದ ತುಂಡಿಗೆ ಕೊಡಲಿ ಬಿದ್ದಾಗ ಒಳಗಿಂದ ಬಿಳಿ ಗೂಡು ಹೊರಬಿತ್ತು. ಸುಣ್ಣದಲ್ಲಿ ಮಾಡಿದ ಹಾಗೆ, ಬೆರಳಷ್ಟು ಉದ್ದ, ಉಗುರಿನಲ್ಲಿ ಒತ್ತಿದರೆ ಚಟ್ ಅಂತ ಒಡೆಯುತ್ತದೆ. ಒಳಗೆ ಕೀಟ ಪೂರ್ತಿ ಬೆಳೆದು, ಮೀಸೆ ಮಡಚಿಕೊಂಡು ಕೂತಿತ್ತು. ಮರ ಕಡಿದು ತಿಂಗಳುಗಳೇ ಆಗಿದ್ದವು! ಅಂದರೆ ಮರ ಸತ್ತರೂ ಹುಳ ಸಾಯುವುದಿಲ್ಲ. ಸೌದೆ ಕೊಟ್ಟಿಗೆಯಲ್ಲೇ ಬೆಳೆದು ಹೊರಗೆ ಬರುತ್ತದೆ.

ನೆರೆಮನೆಯ ಭಾವನಿಗೆ ಹೇಳಿದೆ. ‘ಹುಳಕ್ಕೆ ರೆಕ್ಕೆ ಉಂಟು ಭಾವ, ನೀನು ಸೌದೆ ತಡೆದರೆ ಅದು ನಿಲ್ಲುತ್ತದಾ?’ ಅಂತ ನಕ್ಕ. ರೆಕ್ಕೆ ಇದೆ, ನಿಜ. ಹಾರಿದರೆ ಪಕ್ಕದ ಮರಕ್ಕೋ ಅದರಾಚೆಯ ಮರಕ್ಕೋ ಹೋದೀತು. ಪಿಕಪ್ ಹತ್ತಿದರೆ ಗಡಿಯ ಸಾರಡ್ಕ ದಾಟಿ ಕರ್ನಾಟಕದ ವಿಟ್ಲ ಮುಟ್ಟುತ್ತದೆ. ಅಮೆರಿಕದಲ್ಲಿರುವ ನನ್ನ ಅಳಿಯ ಹೇಳಿದ್ದೂ ಇದನ್ನೇ. ಅಲ್ಲಿ ಆ್ಯಶ್ ಮರ ಕೊಲ್ಲುವ ಹಸಿರು ಕೀಟ ಏಷ್ಯಾದಿಂದ ಹೋದದ್ದು, ಡೆಟ್ರಾಯಿಟ್ ಹತ್ತಿರ ಪತ್ತೆಯಾಗಿದ್ದು 2002ರಲ್ಲಿ. ಈಗ 30ಕ್ಕೂ ಜಾಸ್ತಿ ರಾಜ್ಯಗಳಲ್ಲಿದೆ. ಜನ ಕ್ಯಾಂಪಿಗೆ ಹೋಗುವಾಗ ಕಾರಿನಲ್ಲಿ ಸೌದೆ ಒಯ್ದಿದ್ದು ಅದಕ್ಕೆ ದೊಡ್ಡ ಕಾರಣ. ಅಲ್ಲೀಗ ಸೌದೆ 10 ಮೈಲಿಯೊಳಗಿನದೇ ಆದರೆ ಒಳ್ಳೆಯದು, 50 ಮೈಲಿಯಂತೂ ತೀರಾ ದೂರ ಅನ್ನುತ್ತಾರಂತೆ. ನಮ್ಮ ಹುಳ ಹೊರಗಿಂದ ಬಂದದ್ದಲ್ಲ, ಇಲ್ಲಿಯದೇ. ಬ್ರೆಜಿಲ್‌ನಿಂದ ಬಂದದ್ದು ಗೇರು. ಆದರೆ ಸೌದೆಗೆ ಅದೆಲ್ಲ ಗೊತ್ತಾಗುತ್ತದಾ?

ಭಾವ ಒಪ್ಪಿದ್ದು ಸೊಳ್ಳೆಪರದೆಯಿಂದ. ಅವನದೇ ಕೊಟ್ಟಿಗೆಯ ಸೌದೆ ರಾಶಿಗೆ ಹಳೇ ಸೊಳ್ಳೆಪರದೆ ಹೊದಿಸಿ, ಅಂಚಿಗೆ ಕಲ್ಲು ಇಟ್ಟು ಬಂದೆ. ಬೇಸಿಗೆಯ ಒಂದು ಬೆಳಿಗ್ಗೆ ಫೋನ್ ಮಾಡಿದ. ಹೋಗಿ ನೋಡಿದರೆ ಪರದೆಯ ಒಳಮೈಗೆ ಏಳೆಂಟು ಕಂದು ಕೀಟ ಅಂಟಿಕೊಂಡಿವೆ, ಮೈಗಿಂತ ಉದ್ದದ ಮೀಸೆ ಬಲೆಯ ಕಣ್ಣಿಂದ ಹೊರಗೆ ಅಲ್ಲಾಡುತ್ತಿದೆ. ಭಾವ ಮತ್ತೆ ಮಾತಾಡಲಿಲ್ಲ.

ಈಗ ನಾನು ಮಾಡುವುದು ಇಷ್ಟು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಹೇಳುವ ಹಾಗೆ, ಎಲೆ ಹಳದಿಯಾದ ಅಥವಾ ಅರ್ಧ ಸುತ್ತಿಗಿಂತ ಜಾಸ್ತಿ ತೊಗಟೆ ತಿಂದುಹೋದ ಮರವನ್ನು ಉಳಿಸಲು ಹೋಗುವುದಿಲ್ಲ. ಕಡಿದ ವಾರದೊಳಗೆ ಅಲ್ಲೇ ತೊಗಟೆ ಸುಲಿಸುತ್ತೇನೆ. ಹಸಿ ಇದ್ದಾಗ ಸುಲಭ, ಒಣಗಿದರೆ ಕತ್ತಿ ಜಾರುತ್ತದೆ. ಹಳೇ ಬಟ್ಟೆ ಹಾಕಿಕೊಳ್ಳಿ, ಸೊನೆಯ ಕಲೆ ಹೋಗುವುದಿಲ್ಲ. ಬುಡ ಮತ್ತು ಬೇರು ಜೆಸಿಬಿಯಲ್ಲಿ ಕೀಳಿಸಿ, ಸೀಳಿ, ತೊಗಟೆಯ ಜತೆ ಅಲ್ಲೇ ಸುಡುವುದು. ಉಳಿದದ್ದನ್ನು ಸಣ್ಣಗೆ ಸೀಳಿಸಿ ಬಿಸಿಲಿಗೆ. ಸೀಳುವಾಗ ಕಂಡ ಗೂಡು ಬೆಂಕಿಗೆ. ತೊಗಟೆ ಇರುವ ತುಂಡು ಗುಡ್ಡೆಯಿಂದ ಹೊರಗೆ ಹೋಗುವುದಿಲ್ಲ, ಹೊರಗಿನದು ಒಳಗೆ ಬರುವುದೂ ಇಲ್ಲ. ಮದುವೆ ಅಡುಗೆಗೆ ಸೌದೆ ಕೇಳಿದವರಿಗೂ ಇದೇ ನಿಯಮ. ಒತ್ತೆಕೋಲದ ಮೇಲೇರಿಗೆ (ದೈವ ಹಾಯುವ ಕೆಂಡದ ರಾಶಿಗೆ) ಮಾತ್ರ ನನ್ನ ತಕರಾರಿಲ್ಲ, ಒಂದೇ ರಾತ್ರಿಗೆ ಕೆಂಡವಾಗುತ್ತದೆ.

ಖರ್ಚು ಹೇಳದೆ ಇದ್ದರೆ ಸುಳ್ಳಾಗುತ್ತದೆ. ಸುಲಿಯಲು ಸೀಳಲು ಟನ್ನಿಗೆ ಒಂದೂವರೆ ಆಳು, ಅಂದರೆ 1,400 ರೂಪಾಯಿ. ಜೆಸಿಬಿ ಗಂಟೆಗೆ ಅಷ್ಟೇ, ಮೂರು ನಾಲ್ಕು ಬುಡ ಏಳುತ್ತದೆ. ಸೌದೆ ಮಾರಿದರೆ ಟನ್ನಿಗೆ 3,000 ಸಿಕ್ಕಿದರೆ ಹೆಚ್ಚು. ಮೊದಲ ವರ್ಷ ಕೈಯಿಂದಲೇ ಹೋಯಿತು. ಸೌದೆ ವ್ಯಾಪಾರಿ ‘ತೊಗಟೆ ಇಲ್ಲದೆ ತೂಕ ಇಲ್ಲ’ ಅಂತ ಬೇರೆ ಮುಖ ಸಿಂಡರಿಸಿದ. ಅದೇ ಸೌದೆಯನ್ನು ಒಂದು ಬೇಕರಿಯವರು ಹೊಗೆ ಕಡಿಮೆ ಅಂತ 300 ಜಾಸ್ತಿ ಕೊಟ್ಟು ತೆಗೆದುಕೊಂಡರು. ಈಗ ಆ ವ್ಯಾಪಾರಿಯೇ ಮೊದಲೇ ಫೋನ್ ಮಾಡುತ್ತಾನೆ.

ಸುಲಿಯುವ ಖರ್ಚು ಉಳಿಸಲು ಬೇರೆ ದಾರಿಗಳನ್ನೂ ನೋಡಿದ್ದುಂಟು. ಕೆರೆಯಲ್ಲಿ ಮುಳುಗಿಸಿಟ್ಟೆ, ನೀರು ನಾರಿ ಮನೆಯಲ್ಲಿ ಜಗಳವಾಯಿತು. ಕಪ್ಪು ಸಿಲ್ಪಾಲಿನ್ ಟಾರ್ಪಾಲು ಹೊದಿಸಿದೆ, ಮೇಲಿನ ಸಾಲು ಬೆಂದಿತು, ಕೆಳಗಿನ ಸಾಲಿನ ಹುಳಗಳು ಆರಾಮಾಗಿದ್ದವು. ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಸ್ವಲ್ಪ ಆಸೆ ಹುಟ್ಟಿಸಿತ್ತು. ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳನ್ನು ತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಬೇಕೆಂಬ ನಿಯಮ ಇದೆ, ಹೊಗೆಗೂಡಿನಲ್ಲೂ ಅಷ್ಟು ಬರುತ್ತದಲ್ವಾ ಅಂತ. ಹೊಗೆಗೂಡಿನ ಗಾಳಿ 55 ತೋರಿಸಿತು. ದೊಡ್ಡ ತುಂಡು ಕೊರೆದು ಒಳಗೆ ಥರ್ಮಾಮೀಟರ್ ಇಟ್ಟರೆ 40 ದಾಟಲಿಲ್ಲ. ಹಸಿ ಸೌದೆಯ ಆವಿಗೆ ಶೀಟುಗಳೂ ಹಾಳಾಗಿ ದರ್ಜೆ ಇಳಿದವು. ಸುಮ್ನೆ ಎರಡು ಸಾವಿರ ಹೋಯಿತು.

ಕಳೆದ ವರ್ಷ ನನ್ನ ಗುಡ್ಡೆಯಲ್ಲಿ ಸತ್ತದ್ದು ಎರಡೋ ಮೂರೋ ಮರ. ಅದೂ ಇನ್ನೂ ಒಪ್ಪದ ಒಂದು ಮನೆಯ ಬೇಲಿ ಬದಿಯಲ್ಲಿ. ಉಳಿದ ಏಳು ಮನೆಯವರು ಹೊರಗಿನ ಸೌದೆ ತರುವುದು ಬಿಟ್ಟಿದ್ದಾರೆ. ಶುರುವಿನಲ್ಲೇ ಕಂಡ ಹುಳಕ್ಕೆ ತೊಗಟೆ ಕೆರೆದು ಬೇವಿನೆಣ್ಣೆ ಹಚ್ಚುವುದು ನಿಮಗೂ ಗೊತ್ತು. ಅದಕ್ಕೆ ನಾನು ಇನ್ನೊಂದು ಬೆರೆಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಾರಡ್ಕದ ಆಚೆಯ ಇಬ್ಬರು ನೋಡಲು ಬರುತ್ತೇವೆ ಅಂದಿದ್ದಾರೆ. ಬರುವವರು ಮೇ ತಿಂಗಳೊಳಗೆ ಬನ್ನಿ. ಮಳೆ ಹಿಡಿದರೆ ಜೆಸಿಬಿ ನಮ್ಮ ಗುಡ್ಡೆ ಹತ್ತುವುದಿಲ್ಲ.