ಮಡಿಕೇರಿ ದಸರಾ: ಒಂದು ರಾತ್ರಿ ಪೇಟೆಯಲ್ಲೇ ಇರಿ

ದಸರಾಕ್ಕೆ ಮಡಿಕೇರಿಗೆ ಬಂದು ದೊಡ್ಡ ರೆಸಾರ್ಟಿನಲ್ಲಿ ಉಳಿಯುವ ಪ್ಲಾನ್ ಇದೆಯಾ? ಧಾರಾಳವಾಗಿ ಉಳಿಯಿರಿ. ಆದರೆ ವಿಜಯದಶಮಿ ರಾತ್ರಿ ಮಾತ್ರ ಪೇಟೆಯೊಳಗೆ, ನಡೆದು ಹೋಗುವಷ್ಟು ಹತ್ತಿರ ರೂಮು ಮಾಡಿ. ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳ, ಮೆರವಣಿಗೆ ಮುಗಿಯುವಾಗ ಬೆಳಗಾಗಿರುತ್ತದೆ. ಒಮ್ಮೆ ನಾವು ಊರಾಚೆ ರೂಮು ಮಾಡಿ, ಜನಜಂಗುಳಿಯಲ್ಲಿ ಕಾರು ತೆಗೆಯಲಾಗದೆ ಬೆಳಗಿನ ಐದರವರೆಗೆ ಅದರಲ್ಲೇ ಮುದುಡಿ ಕೂತಿದ್ದೆವು. ಅಷ್ಟು ದುಡ್ಡು ಕೊಟ್ಟ ಹಾಸಿಗೆ ಅಲ್ಲಿ ಸುಮ್ನೆ ಖಾಲಿ! ಸ್ವೆಟರ್ ಬೇಕೇ ಬೇಕು.

ಊರಿನ ನಾಲ್ಕು ಶಕ್ತಿದೇವತೆಗಳ ಕರಗಗಳನ್ನೂ ನೋಡಬೇಕಾದರೆ ನವರಾತ್ರಿಯ ಮೊದಲ ದಿನವೇ ಬನ್ನಿ.

ಊಟದ ವಿಷಯ. ಬಫೆಯ ಪನೀರ್ ಬಟರ್ ಮಸಾಲ ಎಲ್ಲಾ ಊರಲ್ಲೂ ಸಿಗುತ್ತದೆ, ಅಲ್ವಾ? ಹಿಂದಿನ ದಿನವೇ ಅಡುಗೆಯವರ ಹತ್ತಿರ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿಕರಿ (ಹಂದಿ ಮಾಂಸದ ಸಾರು) ಹೇಳಿಡಿ. ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಸರಿಯಾಗಿ ಬಿದ್ದಿದ್ದರೆ ಮಸಾಲೆ ಕಪ್ಪಗೆ ಮಿನುಗುತ್ತದೆ, ಹುಳಿ ನಾಲಿಗೆಗೆ ನಿಧಾನಕ್ಕೆ ಹತ್ತುತ್ತದೆ. ಹಂದಿ ತಿನ್ನದವರಿಗೆ ನೂಪುಟ್ಟು (ಅಕ್ಕಿ ಶಾವಿಗೆ), ಕೋಳಿ ಸಾರು.

ಸೂರ್ಯಾಸ್ತ ನೋಡುವ ರಾಜಾಸೀಟಿನಲ್ಲಿ ಸಂಜೆ ಜನ ಜಾಸ್ತಿ. ನನ್ನನ್ನು ಕೇಳಿದರೆ, ಬೆಳಿಗ್ಗೆ ಬೇಗ ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗಿ. 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ್ದು. ಕೊಳದ ಮೆಟ್ಟಿಲ ಮೇಲೆ ಕೂತರೆ ಗುಮ್ಮಟದ ನೆರಳು ನೀರಲ್ಲಿ ಕಾಣುತ್ತದೆ, ಮೀನು ಹಾದಾಗಲೆಲ್ಲ ಅಲ್ಲಾಡುತ್ತದೆ.