ಇಪ್ಪತ್ತೊಂದು ಗೆರೆಯ ಗೋಪುರ: ಸಮೀಕರಣದ ನಕ್ಷೆಯನ್ನು ಚಿತ್ರದಿಂದ ಕಲಿಸುವ ಬಗೆ

ಒಂಬತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಕಲಿಸುವಾಗ 'ನಾಲ್ಕು ಗೆರೆ ಎಳೆದು ಬಣ್ಣ ತುಂಬಿ' ಎಂದರೆ ಮಕ್ಕಳು ಖುಷಿಯಾಗಿ ಬಣ್ಣ ತುಂಬುತ್ತಾರೆ, ಗಣಿತ ಮಾತ್ರ ಹಾಳೆಯ ಹೊರಗೇ ಉಳಿಯುತ್ತದೆ. ಸಮೀಕರಣ ಬಿಡಿಸದೆ ಮುಂದಿನ ಗೆರೆ ಎಳೆಯಲು ಆಗಲೇಬಾರದು, ಚಿತ್ರವನ್ನು ಹಾಗೆ ಕಟ್ಟಬೇಕು. ಮೈಸೂರಿನ ಮಕ್ಕಳೆಲ್ಲ ನೋಡಿರುವ ಚಾಮುಂಡಿ ಬೆಟ್ಟದ ಗೋಪುರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಏಳು ಅಂತಸ್ತು, ತುದಿಯಲ್ಲಿ ಏಳು ಕಳಶ, ಎರಡೂ ಬದಿ ಓರೆ. (ನಿಜವಾದ ಗೋಪುರದ ಅಳತೆ ಇದಲ್ಲ. ಮನೆ ಎಣಿಸಲು ಅನುಕೂಲವಾಗುವಂತೆ ಹೊಂದಿಸಿದ್ದು.)

ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ. ಮನೆಗಳು ಅಡ್ಡಕ್ಕೆ 18, ಉದ್ದಕ್ಕೆ 24 ಇರಲೇಬೇಕು, ಅಂಗಡಿಯಲ್ಲೇ ಎಣಿಸಿ ತನ್ನಿ. ಮಗುವಿಗೆ ಎರಡು ಹಾಳೆ, ಚೂಪು ಮಾಡಿದ ಎಚ್‌ಬಿ ಪೆನ್ಸಿಲ್, 30 ಸೆಂ.ಮೀ. ಸ್ಕೇಲು. ಜಾಮಿಟ್ರಿ ಬಾಕ್ಸಿನ 15 ಸೆಂ.ಮೀ. ಸ್ಕೇಲು ಸಾಲದು. ಗೋಪುರದ ಓರೆ ಗೆರೆ 20 ಸೆಂ.ಮೀ. ದಾಟುತ್ತದೆ, ಸ್ಕೇಲು ಸರಿಸಿ ಎರಡು ಸಲ ಎಳೆದರೆ ನಡುವೆ ಗೆರೆ ಮುರಿದು ಡೊಂಕಾಗುತ್ತದೆ. ಉದ್ದ ಸ್ಕೇಲು ನಾಲ್ಕು ಮಕ್ಕಳಿಗೊಂದಿದ್ದರೂ ನಡೆಯುತ್ತದೆ. 40 ನಿಮಿಷದ ನಾಲ್ಕು ಪೀರಿಯಡ್ ತೆಗೆದಿಡಿ.

ಮೊದಲ ಪೀರಿಯಡ್ ಅಂಗಳದಲ್ಲಿ. ಚುಕ್ಕಿ ರಂಗೋಲಿಯಂತೆ 13 ಸಾಲು, ಸಾಲಿಗೆ 13 ಚುಕ್ಕಿ ಇಟ್ಟು ನಟ್ಟನಡುವಿನ ಚುಕ್ಕಿಯನ್ನು ಮೂಲಬಿಂದು ಮಾಡಿ. '(3, −2)ಕ್ಕೆ ಹೋಗಿ ನಿಲ್ಲು' ಎಂದಾಗ ಅರ್ಧ ತರಗತಿ (−2, 3)ರಲ್ಲಿ ನಿಲ್ಲುತ್ತದೆ. ಮೊದಲು ಅಡ್ಡ ನಡಿಗೆ, ಆಮೇಲೆ ಮೇಲೆ ಅಥವಾ ಕೆಳಗೆ. ಕಾಲಲ್ಲಿ ನಡೆದು ಕಲಿತರೆ ಹಾಳೆಯ ಮೇಲೆ ಈ ತಪ್ಪು ಬಹಳ ಕಡಿಮೆಯಾಗುತ್ತದೆ.

ಎರಡನೇ ಪೀರಿಯಡ್‌ಗೆ ಹಾಳೆ ತೆಗೆಯಿರಿ. ಎಕ್ಸ್ ಅಕ್ಷ −9ರಿಂದ 9, ವೈ ಅಕ್ಷ −12ರಿಂದ 12. ಎರಡೂ ಅಕ್ಷಕ್ಕೆ 1 ಸೆಂ.ಮೀ. = 1 ಮಾನ ಎಂದು ಬಲಗಡೆ ಮೇಲಿನ ಮೂಲೆಯಲ್ಲಿ ಮೊದಲೇ ಬರೆಸಿ. ಪ್ರಮಾಣ ಬರೆಯುವ ಅಭ್ಯಾಸ ಹತ್ತನೇ ತರಗತಿ ಪರೀಕ್ಷೆಗೂ ಬೇಕು. ಎರಡು ಅಕ್ಷಕ್ಕೆ ಬೇರೆ ಬೇರೆ ಪ್ರಮಾಣ ಹಿಡಿದರೆ ಗೋಪುರ ಒಂದೋ ಕುಳ್ಳಾಗುತ್ತದೆ, ಇಲ್ಲವೇ ಕಂಬವಾಗುತ್ತದೆ.

ಎಡ ಬದಿಗೆ ವೈ = 4ಎಕ್ಸ್ + 10. ಬಲ ಬದಿಗೆ ವೈ = −4ಎಕ್ಸ್ + 10. ಎಡಕ್ಕೆ ಎಕ್ಸ್‌ ಬೆಲೆ −5, −4, −3 ಕೊಟ್ಟರೆ ವೈ −10, −6, −2 ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: 4 × (−3) + 10 ಎಂಬಲ್ಲಿ ಮೈನಸ್ ಬಿಟ್ಟು 22 ಎಂದು ಬರೆಯುವುದು. ಹಾಳೆ 12ಕ್ಕೇ ಮುಗಿಯುವುದರಿಂದ ತಪ್ಪು ತಾನಾಗಿ ಬಯಲಾಗುತ್ತದೆ, ನೀವು ಹೇಳಬೇಕಿಲ್ಲ. ಗೆರೆ ಎಳೆಯಲು ಎರಡು ಬಿಂದು ಸಾಕಲ್ಲ ಎಂದು ಜಾಣರು ಕೇಳುತ್ತಾರೆ. ಸಾಕು. ಆದರೆ ಎರಡು ಬಿಂದು ಎಲ್ಲಿದ್ದರೂ ಸ್ಕೇಲು ಅವನ್ನು ಸೇರಿಸುತ್ತದೆ, ಲೆಕ್ಕ ತಪ್ಪಿದ್ದನ್ನು ತೋರಿಸುವುದು ಗೆರೆಯ ಮೇಲೆ ಕೂರದ ಮೂರನೇ ಬಿಂದುವೇ. ಮೂರನ್ನೂ ಗುರುತಿಸದೆ ಸ್ಕೇಲು ಮುಟ್ಟಲು ಬಿಡಬೇಡಿ.

ಎರಡು ಬದಿಗಳನ್ನೂ ತೆಳುವಾಗಿ, ಅವು (0, 10)ರಲ್ಲಿ ಸಂಧಿಸುವವರೆಗೆ ಎಳೆಸಿ. ಇಳಿಜಾರು ಎಂದರೇನು ಎಂದು ತೋರಿಸಲು ಇದೇ ಸಮಯ. ಎಡ ಗೆರೆಯಲ್ಲಿ ಬಲಕ್ಕೆ ಒಂದು ಮನೆ ಹೋದರೆ ನಾಲ್ಕು ಮನೆ ಏರುತ್ತೇವೆ, ಬಲ ಗೆರೆಯಲ್ಲಿ ನಾಲ್ಕು ಇಳಿಯುತ್ತೇವೆ. 4 ಮತ್ತು −4 ಅಂದರೆ ಅಷ್ಟೇ. ಎರಡು ಸಮೀಕರಣದಲ್ಲೂ ಇರುವ 10 ಎಲ್ಲಿ ಕಾಣುತ್ತದೆ ಎಂದು ಕೇಳಿ, ಮಕ್ಕಳೇ ತುದಿಗೆ ಬೆರಳಿಡುತ್ತಾರೆ.

ಅಂತಸ್ತುಗಳಿಗೆ ವೈ = −10, −8, −6, −4, −2, 0, 2, 4 ಎಂಬ ಎಂಟು ಅಡ್ಡ ಗೆರೆ. ಪ್ರತಿ ಗೆರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಕಣ್ಣಳತೆಯಲ್ಲಿ ಎಳೆಯದೆ ಬಿಡಿಸಿ ಕಂಡುಕೊಳ್ಳಬೇಕು. ವೈ = −8 ಆದಾಗ −4ಎಕ್ಸ್ + 10 = −8, ಹಾಗಾಗಿ ಎಕ್ಸ್ = 4.5. ಗೆರೆ −4.5ರಿಂದ 4.5ರವರೆಗೆ. ಬುಡದಲ್ಲಿ 5, ಆಮೇಲೆ 4.5, 4, 3.5, ಹೀಗೆ ಅರ್ಧರ್ಧ ಕುಗ್ಗುತ್ತಾ ಮೇಲೆ 1.5ಕ್ಕೆ ನಿಲ್ಲುತ್ತದೆ. ನಾಲ್ಕನೆಯದರ ಹೊತ್ತಿಗೆ ಲೆಕ್ಕವಿಲ್ಲದೆಯೇ ಉತ್ತರ ಕೂಗತೊಡಗುತ್ತಾರೆ. ಕೂಗಲಿ, ಎರಡು ಮನೆ ಏರಿದರೆ ಯಾಕೆ ಅರ್ಧವೇ ಕುಗ್ಗಬೇಕು ಎಂದು ಮಾತ್ರ ಹೇಳಿಸಿ. ಎಲ್ಲ ಗುರುತಿಸಿದ ಮೇಲೆ ವೈ = 4ರಿಂದ ಮೇಲಿನ ಓರೆ ಗೆರೆ ಅಳಿಸಿ.

ಕಳಶಗಳು ಮತ್ತು ಬಾಗಿಲು ಮೂರನೇ ಪೀರಿಯಡ್‌ಗೆ. ಎಕ್ಸ್ = −1.5, −1, −0.5, 0, 0.5, 1, 1.5 ಎಂಬ ಏಳು ನೆಟ್ಟಗಿನ ಗೆರೆ, ವೈ 4ರಿಂದ 6ರವರೆಗೆ. ಬಾಗಿಲಿಗೆ ಎಕ್ಸ್ = −1 ಮತ್ತು ಎಕ್ಸ್ = 1, ವೈ −10ರಿಂದ −8ರವರೆಗೆ. ಎಕ್ಸ್ ಅಕ್ಷ ಅಡ್ಡ ಇರುವುದರಿಂದ ಎಕ್ಸ್ = 1 ಕೂಡ ಅಡ್ಡ ಗೆರೆ ಎಂದುಕೊಳ್ಳುವವರು ಇದ್ದೇ ಇರುತ್ತಾರೆ. ಎಕ್ಸ್ 1 ಇರುವ ಮೂರು ಬಿಂದು ಬರೆಸಿ: (1, −10), (1, −9), (1, −8). ಕಳಶ ಮಲಗಿದ್ದವರು ಎಬ್ಬಿಸಿ ನಿಲ್ಲಿಸುತ್ತಾರೆ.

ಉಳಿದದ್ದು ಬೆಟ್ಟ. ಎಡಕ್ಕೆ ವೈ = ½ಎಕ್ಸ್ − 7.5, ಎಕ್ಸ್ −9ರಿಂದ −5. ಬಲಕ್ಕೆ ವೈ = −½ಎಕ್ಸ್ − 7.5, ಎಕ್ಸ್ 5ರಿಂದ 9. ಭಿನ್ನರಾಶಿ ಕಂಡು ಗಾಬರಿಯಾಗುವವರಿಗೆ ಎಕ್ಸ್‌ಗೆ ಬೆಸ ಸಂಖ್ಯೆ ಕೊಡಲು ಹೇಳಿ: −9ಕ್ಕೆ −12, −7ಕ್ಕೆ −11, −5ಕ್ಕೆ −10. ಬೆಲೆ ಆರಿಸುವುದು ನಮ್ಮ ಕೈಯಲ್ಲೇ ಇದೆ ಎಂದು ಬಹಳ ಮಕ್ಕಳಿಗೆ ಆಗಲೇ ತಿಳಿಯುವುದು. ಒಟ್ಟು 21 ಗೆರೆ. ಬಣ್ಣ ಈಗ ತುಂಬಬಹುದು.

ಮಂಡ್ಯದ ಕಡೆಯ ಶಾಲೆಯಾದರೆ ಬೆಟ್ಟದ ಬದಲು ಕಬ್ಬಿನ ಸಾಲು ಹಾಕಿಸಬಹುದು, ಸಮಾಂತರ ಗೆರೆಗೆ ಅದೇ ಸರಿ. ಎರಡನೇ ಹಾಳೆಯಲ್ಲಿ ವೈ = ಎಕ್ಸ್ − 4, ಎಕ್ಸ್ − 2, ಎಕ್ಸ್, ಎಕ್ಸ್ + 2, ಎಕ್ಸ್ + 4. ಇಳಿಜಾರು ಒಂದೇ, ಸಾಲು ಮಾತ್ರ ಜರುಗುತ್ತದೆ. ಸಾಲಿನಿಂದ ಸಾಲಿಗೆ ಎಷ್ಟು ದೂರ ಎಂದರೆ ಎಲ್ಲರೂ 2 ಎನ್ನುತ್ತಾರೆ. ಸ್ಕೇಲನ್ನು ಗೆರೆಗೆ ಲಂಬವಾಗಿ ಇಟ್ಟು ಅಳೆಸಿ, ಸುಮಾರು 1.4 ಸೆಂ.ಮೀ. ಬರುತ್ತದೆ. 2 ಎಂಬುದು ವೈ ಅಕ್ಷದ ಉದ್ದಕ್ಕೆ ಅಳೆದ ಅಂತರ, ಗದ್ದೆಯಲ್ಲಿ ಸಾಲಿನ ಅಂತರ ಹಿಡಿಯುವುದು ಅಡ್ಡಲಾಗಿ.

ಬೇಗ ಮುಗಿಸಿದವರಿಗೆ ದಾರದ ಕೆಲಸ ಕೊಡಿ. ರಟ್ಟಿನ ಮೇಲೆ ಎರಡು ಅಕ್ಷ, 1ರಿಂದ 10ರವರೆಗೆ ದಬ್ಬಳದಿಂದ ತೂತು. ಎಕ್ಸ್ ಅಕ್ಷದ 1ನ್ನು ವೈ ಅಕ್ಷದ 10ಕ್ಕೆ, 2ನ್ನು 9ಕ್ಕೆ, ಹೀಗೆ ಮೊತ್ತ 11 ಬರುವಂತೆ ದಾರ ಬಿಗಿದರೆ ಹತ್ತು ನೇರ ಗೆರೆಗಳಿಂದ ಬಾಗಿದ ಅಂಚು ಮೂಡುತ್ತದೆ. 1ನ್ನು 1ಕ್ಕೆ, 2ನ್ನು 2ಕ್ಕೆ ಕಟ್ಟಿದವರಿಗೆ ಬಾಗು ಬರುವುದಿಲ್ಲ, ಎಲ್ಲ ದಾರದ ಇಳಿಜಾರೂ −1 ಆಗಿ ಕಬ್ಬಿನ ಸಾಲೇ ಮರಳಿ ಬರುತ್ತದೆ. ಬಿಚ್ಚಿಸುವ ಮುನ್ನ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ನಾಲ್ಕನೇ ಪೀರಿಯಡ್ ತಿರುವುಮುರುವು. ಪ್ರತಿ ಮಗುವೂ ಹತ್ತು ಗೆರೆಯೊಳಗೆ ತನ್ನದೇ ಚಿತ್ರ ಬರೆದು (ಗಾಳಿಪಟ, ಗೊಂಬೆ ಹಬ್ಬದ ಮೆಟ್ಟಿಲು, ಏನಾದರೂ) ಅದರ ಸಮೀಕರಣ ಮತ್ತು ಮಿತಿಗಳನ್ನು ಮಾತ್ರ ಚೀಟಿಯಲ್ಲಿ ಪಕ್ಕದವರಿಗೆ ಕೊಡಬೇಕು. ಮಿತಿ ಬರೆಯಲು ಮರೆತರೆ ಮೆಟ್ಟಿಲ ಗೆರೆ ಹಾಳೆಯ ಅಂಚಿನವರೆಗೂ ಓಡುತ್ತದೆ. ಬರೆದಾದ ಮೇಲೆ ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಲಿ. ಗೆರೆ ಕೂಡದ ಕಡೆ ತಪ್ಪು ಸಮೀಕರಣದ್ದೋ ಎಳೆದವರದ್ದೋ ಎಂದು ಜಗಳ ಶುರುವಾಗುತ್ತದೆ. ನೀವು ತೀರ್ಪು ಕೊಡಬೇಡಿ, ಆ ಗೆರೆಯ ಮೂರನೇ ಬಿಂದು ಹಾಕಿ ನೋಡಲು ಹೇಳಿ.